ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ: ಕನ್ನಡ ಪ್ರೇಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ದೆಹಲಿಯಿಂದ ಪ್ರಶಸ್ತಿ ಪಟ್ಟಿ ಹೊರಬಿದ್ದ ದಿನ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ನಾಮಿನೇಷನ್ ಯಾರಿಗೆ ಸಿಕ್ಕಿತ್ತು, ಹಳೇ ಸಿನಿಮಾಗೆ ಈಗ್ಯಾಕೆ ಪ್ರಶಸ್ತಿ, ಕನ್ನಡಕ್ಕೆ ಇಷ್ಟೇನಾ? ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. 71ನೇ ಪ್ರಶಸ್ತಿಯವರೆಗಿನ ವಿವರ ಇದರಲ್ಲಿದೆ.

ನಾಮಿನೇಷನ್ ಪಟ್ಟಿ ಎಲ್ಲಿ ಸಿಗುತ್ತೆ?

ಎಲ್ಲೂ ಸಿಗಲ್ಲ. ರಾಷ್ಟ್ರೀಯ ಪ್ರಶಸ್ತಿಯಲ್ಲಿ ನಾಮಿನೇಷನ್ ಅನ್ನುವ ಹಂತವನ್ನು ಹೊರಗೆ ಪ್ರಕಟಿಸುವ ಪದ್ಧತಿಯೇ ಇಲ್ಲ. ಆಸ್ಕರ್‌ನಲ್ಲಿ ಒಂದೊಂದು ವಿಭಾಗಕ್ಕೆ ಐದು ಹೆಸರು ಬರುತ್ತವೆ, ಅತ್ಯುತ್ತಮ ಚಿತ್ರಕ್ಕೆ ಹತ್ತು. ಫಿಲ್ಮ್‌ಫೇರ್, ಸೈಮಾ ಕೂಡ ಸಮಾರಂಭಕ್ಕೆ ಮೊದಲೇ ಪಟ್ಟಿ ಕೊಡುತ್ತವೆ. ಇಲ್ಲಿ ಹಾಗಲ್ಲ. ಒಂದು ದಿನ ಪತ್ರಿಕಾಗೋಷ್ಠಿ ಕರೆದು ಗೆದ್ದವರ ಹೆಸರನ್ನಷ್ಟೇ ಓದುತ್ತಾರೆ.

ಹಾಗಾಗಿ ಪ್ರಕಟಣೆಗೆ ಮುಂಚೆ ಮೊಬೈಲಿನಲ್ಲಿ ಓಡಾಡುವ "ಕೊನೆಯ ಸುತ್ತಿನಲ್ಲಿ ಇವರಿಬ್ಬರು" ಎಂಬ ಸುದ್ದಿಗಳನ್ನು ನಂಬಬೇಡಿ. 2024ರ ಆಗಸ್ಟಿನಲ್ಲಿ ಏನಾಯಿತು ನೆನಪಿದೆಯಲ್ವಾ? ಅತ್ಯುತ್ತಮ ನಟ ಪ್ರಶಸ್ತಿಗೆ ರಿಷಬ್ ಶೆಟ್ಟಿ ಮತ್ತು ಮಮ್ಮುಟ್ಟಿ ನಡುವೆ ಪೈಪೋಟಿ ಎಂದು ಎಲ್ಲ ಕಡೆ ಸುದ್ದಿಯಾಯಿತು. ರಿಷಬ್ ಹೆಸರು ಬಂದ ಮೇಲೆ ಕೇರಳದಲ್ಲಿ ಬೇಸರ, ಇಲ್ಲಿ ಅದಕ್ಕೆ ಉತ್ತರ, ಸುಮ್ನೆ ಜಗಳ. ಆಮೇಲೆ ತೀರ್ಪುಗಾರರಲ್ಲೇ ಒಬ್ಬರು ಮುಂದೆ ಬಂದು, ಮಮ್ಮುಟ್ಟಿಯವರ ಆ ವರ್ಷದ ಸಿನಿಮಾಗಳು ತಮ್ಮ ಮುಂದೆ ಬಂದೇ ಇರಲಿಲ್ಲ ಎಂದರು. ಸ್ಪರ್ಧೆಗೆ ಯಾವ ಚಿತ್ರ ಬಂದಿದೆ ಎನ್ನುವ ಪಟ್ಟಿ ಮೊದಲೇ ಹೊರಗೆ ಬಂದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಹಾಗಾದರೆ ಗೆದ್ದವರನ್ನು ಆರಿಸುವುದು ಹೇಗೆ?

ಎರಡು ಹಂತ ಇದೆ. ಮೊದಲು ಐದು ಪ್ರಾದೇಶಿಕ ಸಮಿತಿಗಳು ಸಿನಿಮಾ ನೋಡುತ್ತವೆ: ಉತ್ತರ, ಪೂರ್ವ, ಪಶ್ಚಿಮ, ಮತ್ತೆ ದಕ್ಷಿಣಕ್ಕೆ ಎರಡು. ತಮಿಳು, ಮಲಯಾಳಂ ಒಂದು ಸಮಿತಿಯ ಮುಂದೆ ಹೋಗುತ್ತವೆ. ಕನ್ನಡ, ತೆಲುಗು ಇನ್ನೊಂದರ ಮುಂದೆ. ಇಲ್ಲಿ ಗಟ್ಟಿ ಅನಿಸಿದವು ಮಾತ್ರ ಕೇಂದ್ರ ಸಮಿತಿಗೆ ಹೋಗುತ್ತವೆ. ಪ್ರಾದೇಶಿಕ ಸಮಿತಿಗಳ ಅಧ್ಯಕ್ಷರು ಕೇಂದ್ರ ಸಮಿತಿಯಲ್ಲೂ ಕೂರುತ್ತಾರೆ. ಅಂತಿಮ ತೀರ್ಮಾನ ಅಲ್ಲಿಯದು. ಮಂತ್ರಿಗಳಾಗಲಿ ಪ್ರೇಕ್ಷಕರಾಗಲಿ ವೋಟು ಹಾಕುವುದಿಲ್ಲ.

ಅಂದರೆ ಪ್ರಾದೇಶಿಕ ಸಮಿತಿ ಮೇಲಕ್ಕೆ ಕಳಿಸುವ ಚಿತ್ರಗಳೇ ಒಂದು ಲೆಕ್ಕದಲ್ಲಿ ನಾಮಿನಿಗಳು. ಅವುಗಳ ಹೆಸರು ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಕಥೇತರ ಚಿತ್ರಗಳಿಗೆ (ಸಾಕ್ಷ್ಯಚಿತ್ರ, ಕಿರುಚಿತ್ರದಂಥವು) ಮತ್ತು ಸಿನಿಮಾ ಬರವಣಿಗೆಗೆ ಬೇರೆ ಸಮಿತಿಗಳಿವೆ.

ಒಳ್ಳೆಯ ಸಿನಿಮಾ ಆದರೆ ತಾನಾಗೇ ಪರಿಗಣಿಸುತ್ತಾರಾ?

ಇಲ್ಲ. ನಿರ್ಮಾಪಕರು ಅರ್ಜಿ ಹಾಕಿ ಸಿನಿಮಾ ಕಳಿಸಬೇಕು. ಕಳಿಸದಿದ್ದರೆ ಎಷ್ಟೇ ದೊಡ್ಡ ಚಿತ್ರವಾದರೂ ಲೆಕ್ಕಕ್ಕಿಲ್ಲ. "ನಮ್ಮ ಸಿನಿಮಾಗೆ ಅನ್ಯಾಯ ಆಯ್ತು" ಎಂದು ಕೂಗುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕಳಿಸಿದ್ದರಾ? ಡಬ್ಬಿಂಗ್ ಆವೃತ್ತಿಗಳಿಗೆ ಅವಕಾಶವಿಲ್ಲ.

2022ರ ಸಿನಿಮಾಗೆ 2024ರಲ್ಲಿ ಪ್ರಶಸ್ತಿ ಯಾಕೆ?

ಲೆಕ್ಕ ಹಿಡಿಯುವುದು ಸೆನ್ಸಾರ್ ಸರ್ಟಿಫಿಕೇಟಿನ ತಾರೀಕನ್ನು. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸರ್ಟಿಫಿಕೇಟ್ ಆದ ಚಿತ್ರಗಳು ಒಂದು ವರ್ಷದ ಗುಂಪು. ಅರ್ಜಿ, ಸಮಿತಿ, ವೀಕ್ಷಣೆ ಎಂದು ಮೊದಲೇ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಕೋವಿಡ್ ಬಂದ ಮೇಲೆ ಇನ್ನೂ ಹಿಂದೆ ಬಿತ್ತು. 'ಕಾಂತಾರ' ಥಿಯೇಟರಿಗೆ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್ 16ಕ್ಕೆ. ರಾಷ್ಟ್ರಪತಿಗಳ ಕೈಯಿಂದ ಸಿಕ್ಕಿದ್ದು ಅಕ್ಟೋಬರ್ 8ಕ್ಕೆ. 2023ರ ಚಿತ್ರಗಳ ಪಟ್ಟಿ 2025ರ ಆಗಸ್ಟ್ 1ಕ್ಕೆ ಬಂತು, ಸಮಾರಂಭ ಸೆಪ್ಟೆಂಬರ್ 23ಕ್ಕೆ ನಡೆಯಿತು.

ದೊಡ್ಡ ಚಿತ್ರಕ್ಕೆ ಈ ತಡ ಅಷ್ಟೇನೂ ತಟ್ಟುವುದಿಲ್ಲ. ಸಣ್ಣ ಚಿತ್ರಕ್ಕೆ ಇದು ದೊಡ್ಡ ಏಟು. ಪ್ರಶಸ್ತಿ ಬರುವ ಹೊತ್ತಿಗೆ ಅದು ಥಿಯೇಟರಿನಿಂದ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಜನರಿಗೆ ಹೆಸರು ಗೊತ್ತಾಗುವಾಗ ನೋಡಲು ಸಿನಿಮಾ ಇರುವುದಿಲ್ಲ.

ಸ್ವರ್ಣ ಕಮಲ, ರಜತ ಕಮಲ ಅಂದರೇನು? ಹಣ ಎಷ್ಟು?

ಅತ್ಯುತ್ತಮ ಚಿತ್ರ, ನಿರ್ದೇಶನ, ಜನಪ್ರಿಯ ಚಿತ್ರ, ಮಕ್ಕಳ ಚಿತ್ರ, ನಿರ್ದೇಶಕರ ಮೊದಲ ಚಿತ್ರ ಇಂಥ ವಿಭಾಗಗಳಿಗೆ ಸ್ವರ್ಣ ಕಮಲ. ನಟನೆ, ಹಾಡು, ಸಂಕಲನ, ಭಾಷಾವಾರು ಚಿತ್ರ ಮುಂತಾದವಕ್ಕೆ ರಜತ ಕಮಲ. 70ನೇ ಪ್ರಶಸ್ತಿಯಿಂದ, ಅಂದರೆ 2022ರ ಚಿತ್ರಗಳಿಂದ, ಸ್ವರ್ಣ ಕಮಲಕ್ಕೆ 3 ಲಕ್ಷ, ರಜತ ಕಮಲಕ್ಕೆ 2 ಲಕ್ಷ ರೂಪಾಯಿ. ಅದಕ್ಕೂ ಮೊದಲು ಅತ್ಯುತ್ತಮ ನಟನಿಗೆ ಸಿಗುತ್ತಿದ್ದದ್ದು 50 ಸಾವಿರ.

'ಅತ್ಯುತ್ತಮ ಚಿತ್ರ', 'ಅತ್ಯುತ್ತಮ ಕನ್ನಡ ಚಿತ್ರ', 'ಜನಪ್ರಿಯ ಚಿತ್ರ' – ಮೂರೂ ಒಂದೇನಾ?

ಮೂರೂ ಬೇರೆ. ಸುದ್ದಿಯ ತಲೆಬರಹದಲ್ಲೂ ಇದು ಜಾಸ್ತಿ ತಪ್ಪಾಗುತ್ತದೆ. 70ನೇ ಪ್ರಶಸ್ತಿಯನ್ನೇ ನೋಡಿ. ದೇಶದ ಅತ್ಯುತ್ತಮ ಚಿತ್ರ ಮಲಯಾಳಂನ 'ಆಟ್ಟಂ'. ಅತ್ಯುತ್ತಮ ಕನ್ನಡ ಚಿತ್ರ 'ಕೆಜಿಎಫ್ ಚಾಪ್ಟರ್ 2'. ಸದಭಿರುಚಿಯ ಮನರಂಜನೆ ಕೊಟ್ಟ ಜನಪ್ರಿಯ ಚಿತ್ರ 'ಕಾಂತಾರ'.

ದೇಶದ ಅತ್ಯುತ್ತಮ ಚಿತ್ರ ಎಂಬ ಗೌರವ ಕನ್ನಡಕ್ಕೆ ಎಷ್ಟು ಸಲ ಬಂದಿದೆ?

ಆರು ಸಲ. 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001). ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರ ಚಿತ್ರಗಳು. ಒಬ್ಬ ಕನ್ನಡ ನಿರ್ದೇಶಕ ನಾಲ್ಕು ಸಲ ಈ ಗೌರವ ತಂದಿದ್ದಾರೆ ಎಂಬುದು ನಮ್ಮ ಎಷ್ಟೋ ಸಿನಿಮಾಪ್ರೇಮಿಗಳಿಗೇ ಗೊತ್ತಿಲ್ಲ.

'ಸಂಸ್ಕಾರ'ದ ಕಥೆ ವಿಶೇಷ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದರು. ಪ್ರಾಣೇಶಾಚಾರ್ಯರ ಪಾತ್ರ ಗಿರೀಶ್ ಕಾರ್ನಾಡರದು. ಸೆನ್ಸಾರ್ ಮಂಡಳಿ ಮೊದಲು ಇದನ್ನು ತಡೆದಿತ್ತು. ಬಿಡುಗಡೆಯೇ ಅನುಮಾನ ಎನ್ನುವಂತಿದ್ದ ಚಿತ್ರ ಆಮೇಲೆ ದೇಶದ ಅತ್ಯುತ್ತಮ ಚಿತ್ರವಾಯಿತು.

'ದ್ವೀಪ'ದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಊರು ಬಿಡದೆ ಉಳಿದ ಒಂದು ಮನೆಯ ಕಥೆ, ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ನಾಯಕಿ ಸೌಂದರ್ಯ. ಚಿತ್ರಕ್ಕೆ ದುಡ್ಡು ಹಾಕಿದವರೂ ಅವರೇ. ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದ ಹೊತ್ತಿನಲ್ಲಿ ಕನ್ನಡದಲ್ಲಿ ಇಂಥ ಚಿತ್ರವನ್ನು ಸ್ವಂತ ದುಡ್ಡಿನಲ್ಲಿ ಮಾಡಿದರು. ಅತ್ಯುತ್ತಮ ಚಿತ್ರದ ಗೌರವ ನಿರ್ದೇಶಕರ ಜೊತೆ ನಿರ್ಮಾಪಕರಿಗೂ ಸಲ್ಲುತ್ತದೆ. ಹಾಗಾಗಿ ಆ ಸ್ವರ್ಣ ಕಮಲ ಸೌಂದರ್ಯ ಅವರದೂ ಹೌದು. ಅದೇ ಚಿತ್ರದ ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೂ ಪ್ರಶಸ್ತಿ ಬಂತು. ಆ ಮಳೆಯನ್ನು ನೋಡಿದವರು ಯಾಕೆ ಎಂದು ಕೇಳುವುದಿಲ್ಲ.

2001ರ ಆ ಚಿತ್ರದ ನಂತರ ಕನ್ನಡಕ್ಕೆ ಈ ಗೌರವ ಬಂದಿಲ್ಲ.

ಅತ್ಯುತ್ತಮ ನಟ, ನಟಿ ಕನ್ನಡದಿಂದ ಯಾರು ಯಾರು?

ಮೊದಲು ನಟರು. 'ಚೋಮನ ದುಡಿ'ಗೆ ಎಂ.ವಿ. ವಾಸುದೇವ ರಾವ್. 'ತಬರನ ಕಥೆ'ಗೆ ಚಾರುಹಾಸನ್. 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ.

ಈ ನಾಲ್ವರಲ್ಲಿ ಮೊದಲ ಮೂವರೂ ಪೋಸ್ಟರಿನಲ್ಲಿ ಮುಖ ನೋಡಿ ಜನ ಟಿಕೆಟ್ ತೆಗೆದುಕೊಳ್ಳುವಂಥ ತಾರೆಯರಲ್ಲ. ಚಾರುಹಾಸನ್ ಅವರ ತಬರ ಪಿಂಚಣಿಗಾಗಿ ಆಫೀಸಿಂದ ಆಫೀಸಿಗೆ ಅಲೆಯುವ ಒಬ್ಬ ಜವಾನ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ, ಕೈಯಲ್ಲಿ ದುಡ್ಡಿಲ್ಲ. ಕೊನೆಗೆ ಕಟುಕನ ಹತ್ತಿರ ಹೋಗಿ ಕಾಲು ಕತ್ತರಿಸಿ ಕೊಡು ಎಂದು ಕೇಳುತ್ತಾನೆ. ಕೈ ಕಟ್ಟಿಕೊಂಡು ನಿಂತು ನಿಂತು ಬಾಗಿಹೋದ ಆ ಮನುಷ್ಯನನ್ನು ಒಮ್ಮೆ ನೋಡಿದರೆ ಮರೆಯಲು ಆಗುವುದಿಲ್ಲ. ಕಥೆ ಪೂರ್ಣಚಂದ್ರ ತೇಜಸ್ವಿ ಅವರದು.

ಸಂಚಾರಿ ವಿಜಯ್ ರಂಗಭೂಮಿಯಿಂದ ಬಂದವರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟ ಒಂದು ಜೀವದ ಪಾತ್ರ ಅವರದು. ಚಿತ್ರಕ್ಕೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ. ಅಣಕಕ್ಕೆ ಜಾರಿಬಿಡುವುದು ಇಂಥ ಪಾತ್ರದಲ್ಲಿ ಬಹಳ ಸುಲಭ. ವಿಜಯ್ ಒಂದು ಕಡೆಯೂ ಜಾರಲಿಲ್ಲ. ಅದೇ ಚಿತ್ರಕ್ಕೆ ಪ್ರಸಾಧನ ಪ್ರಶಸ್ತಿಯೂ ಬಂತು. 2021ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅವರು ನಟಿಸಿದ್ದ 'ತಲೆದಂಡ' ಮರುವರ್ಷ 68ನೇ ಪ್ರಶಸ್ತಿಯಲ್ಲಿ ಪರಿಸರ ಕುರಿತ ಅತ್ಯುತ್ತಮ ಚಿತ್ರವಾಯಿತು.

ಇನ್ನು ನಟಿಯರು. 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 'ಹಸೀನಾ'ಗೆ ತಾರಾ, 'ಗುಲಾಬಿ ಟಾಕೀಸ್'ಗೆ ಉಮಾಶ್ರೀ. 'ಹಸೀನಾ'ದ ಮೂಲಕಥೆ ಬಾನು ಮುಷ್ತಾಕ್ ಅವರದು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರ ಬಾಯಲ್ಲೂ ಇದ್ದ ಅದೇ ಬಾನು ಮುಷ್ತಾಕ್. 'ಗುಲಾಬಿ ಟಾಕೀಸ್' ವೈದೇಹಿ ಅವರ ಕಥೆಯಿಂದ ಬಂದದ್ದು. ಉಮಾಶ್ರೀ ಎಂದರೆ ಬರೀ ಹಾಸ್ಯಪಾತ್ರ ಎಂದುಕೊಂಡಿದ್ದವರು ಆ ಚಿತ್ರದಲ್ಲಿ ಬೇರೆಯೇ ಉಮಾಶ್ರೀಯನ್ನು ನೋಡಿದರು.

ಅಣ್ಣಾವ್ರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತ್ತಾ?

ಬಂದಿರಲಿಲ್ಲ. ಡಾ. ರಾಜ್‌ಕುಮಾರ್ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಹಾಡಿಗೆ: 'ಜೀವನ ಚೈತ್ರ'ದ 'ನಾದಮಯ ಈ ಲೋಕವೆಲ್ಲ', 1992ರ ಅತ್ಯುತ್ತಮ ಹಿನ್ನೆಲೆ ಗಾಯಕ. ಆ ಹಾಡಿನಲ್ಲಿ ಅವರು ತೋಡಿ ರಾಗದ ಆಳಕ್ಕೆ ಇಳಿಯುವುದನ್ನು ಕೇಳಿದರೆ ತೀರ್ಪುಗಾರರ ಮೇಲೆ ಗೌರವ ಹೆಚ್ಚುತ್ತದೆ. ಭಾರತೀಯ ಸಿನಿಮಾದ ದೊಡ್ಡ ಗೌರವವಾದ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ 1995ರ ಸಾಲಿನಲ್ಲಿ ಸಂದಿತು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೆ 2008ರ ಸಾಲಿನಲ್ಲಿ. ಫಾಲ್ಕೆ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಕೂಡ ಈ ಪ್ರಶಸ್ತಿಗಳ ಎರಡನೇ ವರ್ಷದಲ್ಲೇ ಅರ್ಹತಾ ಪತ್ರ ಪಡೆದಿತ್ತು. ಆಗಿನ್ನೂ ನಟರಿಗೆ ಪ್ರತ್ಯೇಕ ಪ್ರಶಸ್ತಿ ಇರಲಿಲ್ಲ. ಅದು ಶುರುವಾದದ್ದು 1967ರ ಚಿತ್ರಗಳಿಂದ. ಮೊದಲು ಪಡೆದವರು ಉತ್ತಮ್ ಕುಮಾರ್ ಮತ್ತು ನರ್ಗಿಸ್.

ಹಾಡು, ಸಂಗೀತದಲ್ಲಿ ಬೇರೆ ಯಾರಿಗೆ ಬಂದಿದೆ?

'ಕಾಡು ಕುದುರೆ ಓಡಿ ಬಂದಿತ್ತಾ' ಹಾಡಿಗೆ ಶಿವಮೊಗ್ಗ ಸುಬ್ಬಣ್ಣ. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕೆ ಎಸ್‌ಪಿಬಿ, ಅದೇ ಚಿತ್ರದ ಸಂಗೀತಕ್ಕೆ ಹಂಸಲೇಖ. 'ಘಟಶ್ರಾದ್ಧ'ದ ಸಂಗೀತಕ್ಕೆ ಬಿ.ವಿ. ಕಾರಂತ. ಹತ್ತಿರದ ವರ್ಷಗಳಲ್ಲಿ 'ನಾತಿಚರಾಮಿ'ಯ 'ಮಾಯಾವಿ ಮನವೆ' ಹಾಡಿನಿಂದ ಬಿಂದು ಮಾಲಿನಿ ಅವರಿಗೆ ಗಾಯನದ ಪ್ರಶಸ್ತಿ, ಮಂಸೋರೆ ಅವರಿಗೆ ಸಾಹಿತ್ಯದ ಪ್ರಶಸ್ತಿ.

ಕರ್ನಾಟಕದ ಬೇರೆ ಭಾಷೆಗಳಿಗೆ ಅವಕಾಶ ಇದೆಯಾ?

ಇದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯಲ್ಲಿ ಇಲ್ಲದ ಭಾಷೆಯ ಚಿತ್ರಗಳಿಗೂ ಪ್ರಶಸ್ತಿ ಕೊಡುತ್ತಾರೆ. ತುಳುವಿನ 'ಮದಿಪು', 'ಪಡ್ಡಾಯಿ', 'ಪಿಂಗಾರ', 'ಜೀಟಿಗೆ' ಹೀಗೆ ಬಂದವು. ಎಲ್ಲಕ್ಕಿಂತ ದೊಡ್ಡ ಸುದ್ದಿ 59ನೇ ಪ್ರಶಸ್ತಿಯದು. ಕರಾವಳಿಯ ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರ, ಮರಾಠಿಯ 'ದೇವೂಳ್' ಜೊತೆ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಹಂಚಿಕೊಂಡಿತು. ಶಾಲೆಯಲ್ಲಿ ಕಲಿಸದ, ಪಠ್ಯದಲ್ಲಿ ಕಾಣದ ಒಂದು ಭಾಷೆಗೆ ಸ್ವರ್ಣ ಕಮಲ. ಇದನ್ನು ನಾವು ಇನ್ನೂ ಜಾಸ್ತಿ ಹೇಳಿಕೊಳ್ಳಬೇಕಿತ್ತು.

ಇತ್ತೀಚೆಗೆ ಕನ್ನಡದ ಒಳ್ಳೆಯ ವರ್ಷ ಯಾವುದು?

ನನ್ನ ಪ್ರಕಾರ 2018ರ ಚಿತ್ರಗಳಿಗೆ ಕೊಟ್ಟ 66ನೇ ಪ್ರಶಸ್ತಿ. 'ನಾತಿಚರಾಮಿ' ಅತ್ಯುತ್ತಮ ಕನ್ನಡ ಚಿತ್ರವಾಯಿತು, ಮೇಲೆ ಹೇಳಿದ ಎರಡರ ಜೊತೆ ಸಂಕಲನದ ಪ್ರಶಸ್ತಿಯೂ, ಶ್ರುತಿ ಹರಿಹರನ್ ಅವರ ನಟನೆಗೆ ವಿಶೇಷ ಮೆಚ್ಚುಗೆಯೂ ಬಂದವು. 'ಕೆಜಿಎಫ್' ಮೊದಲ ಭಾಗಕ್ಕೆ ಸಾಹಸ ಮತ್ತು ವಿಶೇಷ ಪರಿಣಾಮ. 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಅತ್ಯುತ್ತಮ ಮಕ್ಕಳ ಚಿತ್ರ. 'ಒಂದಲ್ಲಾ ಎರಡಲ್ಲಾ' ರಾಷ್ಟ್ರೀಯ ಭಾವೈಕ್ಯದ ಚಿತ್ರ, ಅದರ ಹುಡುಗ ರೋಹಿತ್ ಅತ್ಯುತ್ತಮ ಬಾಲನಟ. ಥಿಯೇಟರ್ ತುಂಬಿಸಿದ ಚಿತ್ರವೂ ಸದ್ದಿಲ್ಲದೆ ಬಂದ ಚಿತ್ರವೂ ಒಂದೇ ವರ್ಷ ಗೆದ್ದದ್ದು ನನಗೆ ಬಹಳ ಖುಷಿ ಕೊಟ್ಟಿತು.

ಆಮೇಲಿನ ಅತ್ಯುತ್ತಮ ಕನ್ನಡ ಚಿತ್ರಗಳು ಕ್ರಮವಾಗಿ 'ಅಕ್ಷಿ', 'ಡೊಳ್ಳು', '777 ಚಾರ್ಲಿ', 'ಕೆಜಿಎಫ್ ಚಾಪ್ಟರ್ 2', 'ಕಂದೀಲು'.

70ನೇ ಪ್ರಶಸ್ತಿಯಲ್ಲಿ 'ಕಾಂತಾರ'ದ ಗದ್ದಲದಲ್ಲಿ ಕನ್ನಡದ ಒಂದು ಕಿರುಚಿತ್ರ ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ದಿನೇಶ್ ಶೆಣೈ ಅವರ 'ಮಧ್ಯಂತರ'. ಕಥೇತರ ವಿಭಾಗದಲ್ಲಿ ನಿರ್ದೇಶಕರ ಅತ್ಯುತ್ತಮ ಮೊದಲ ಚಿತ್ರ ಅದು. ಸಂಕಲನಕ್ಕೂ ಪ್ರಶಸ್ತಿ ಬಂತು, ಸುರೇಶ್ ಅರಸ್ ಅವರಿಗೆ. 1995ರಲ್ಲಿ 'ಬಾಂಬೆ' ಚಿತ್ರಕ್ಕೆ ಇದೇ ಪ್ರಶಸ್ತಿ ಪಡೆದಿದ್ದ ಹಿರಿಯರು ಒಬ್ಬ ಹೊಸ ನಿರ್ದೇಶಕರ ಪುಟ್ಟ ಚಿತ್ರಕ್ಕೆ ಕೂತು ಕೆಲಸ ಮಾಡಿದ್ದಾರೆ.

ಸಮಿತಿಯೂ ತಪ್ಪು ಮಾಡುತ್ತದೆಯೇ?

ಮಾಡಿದೆ. ಕನ್ನಡಕ್ಕೆ ನೇರವಾಗಿ ತಟ್ಟಿದ ಒಂದು ಪ್ರಸಂಗವೇ ಇದೆ. ಚಿತ್ರೀಕರಣದ ಜಾಗದಲ್ಲೇ ಧ್ವನಿ ಮುದ್ರಿಸಿಕೊಂಡ ಚಿತ್ರಗಳಿಗೆಂದು ಇರುವ ಪ್ರಶಸ್ತಿ 68ನೇ ವರ್ಷ 'ಡೊಳ್ಳು' ಚಿತ್ರಕ್ಕೆ ಹೋಯಿತು. ಪ್ರಕಟವಾದ ಕೂಡಲೇ ಆ ಚಿತ್ರದ ಧ್ವನಿ ವಿನ್ಯಾಸಕರೇ, ಇದು ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿದ ಸಿನಿಮಾ ಎಂದು ಬಹಿರಂಗವಾಗಿ ಹೇಳಿದರು. ಹೆಸರಾಂತ ಧ್ವನಿ ವಿನ್ಯಾಸಕ ರಸೂಲ್ ಪೂಕುಟ್ಟಿ ಕೂಡ ದನಿ ಎತ್ತಿದರು. ತಪ್ಪು ಚಿತ್ರತಂಡದ್ದಲ್ಲ, ಡೊಳ್ಳಿನ ಸದ್ದು ಅಷ್ಟು ಸಹಜವಾಗಿತ್ತು ಎಂದು ಬೇಕಾದರೆ ಹೇಳಬಹುದು. ಆದರೆ ಜಾಗದಲ್ಲೇ ಬೆವರು ಸುರಿಸಿ ಧ್ವನಿ ಹಿಡಿದ ಬೇರೊಬ್ಬರಿಗೆ ಆ ವರ್ಷ ಅದು ತಪ್ಪಿತು. ಅವರು ಯಾರು ಎಂದು ನಮಗೆ ಗೊತ್ತಾಗುವ ದಾರಿಯೂ ಇಲ್ಲ.

ಪ್ರಶಸ್ತಿಯನ್ನು ರಾಷ್ಟ್ರಪತಿಗಳೇ ಕೊಡುತ್ತಾರಾ?

ಸಾಮಾನ್ಯವಾಗಿ ಹೌದು, ದೆಹಲಿಯ ವಿಜ್ಞಾನ ಭವನದಲ್ಲಿ. ಆದರೆ 2018ರಲ್ಲಿ ರಾಷ್ಟ್ರಪತಿಗಳು 11 ಪ್ರಶಸ್ತಿಗಳನ್ನಷ್ಟೇ ಕೊಡುತ್ತಾರೆ, ಉಳಿದವನ್ನು ಸಚಿವರು ಕೊಡುತ್ತಾರೆ ಎಂದಾಯಿತು. ಐವತ್ತಕ್ಕೂ ಹೆಚ್ಚು ವಿಜೇತರು ಸಮಾರಂಭಕ್ಕೆ ಹೋಗಲಿಲ್ಲ. ಅವರ ಬೇಸರ ನನಗೆ ಸರಿ ಅನಿಸುತ್ತದೆ. ಎಷ್ಟೋ ಕಲಾವಿದರಿಗೆ ಜೀವನದಲ್ಲಿ ಒಂದೇ ಸಲ ಸಿಗುವ ಕ್ಷಣ ಅದು.

ರಾಜ್ಯ ಪ್ರಶಸ್ತಿ ಇದಕ್ಕೆ ಸಂಬಂಧಿಸಿದ್ದಾ?

ಸಂಬಂಧ ಇಲ್ಲ. ಅದು ಕರ್ನಾಟಕ ಸರ್ಕಾರದ್ದು, ಸಮಿತಿ ಬೇರೆ. ತಡದಲ್ಲಿ ಅದು ಇನ್ನೂ ಹಿಂದಿದೆ. 2019ರ ಸಾಲಿನ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ.

ನಾಮಿನೇಷನ್ ಪಟ್ಟಿ ಪ್ರಕಟಿಸಿದರೆ ಏನು ಲಾಭ?

ಗೆದ್ದವರಿಗೆ ಏನೂ ಇಲ್ಲ. ಲಾಭ ಇರುವುದು ಸೋತವರಿಗೆ. ಅದಕ್ಕೇ ಇದು ಬೇಕು ಎನ್ನುತ್ತೇನೆ.

ಒಬ್ಬ ಹೊಸ ನಿರ್ದೇಶಕ ಸಾಲ ಮಾಡಿ ಸಿನಿಮಾ ತೆಗೆದಿದ್ದಾನೆ ಅಂದುಕೊಳ್ಳಿ. ಥಿಯೇಟರಿನಲ್ಲಿ ಒಂದು ವಾರ ನಿಲ್ಲಲಿಲ್ಲ. ಓಟಿಟಿಯವರು ಕನ್ನಡ ಚಿತ್ರ ಎಂದ ಕೂಡಲೇ ಆಮೇಲೆ ನೋಡೋಣ ಎಂದರು. ಆ ಚಿತ್ರ ಪ್ರಾದೇಶಿಕ ಸಮಿತಿ ದಾಟಿ ಕೇಂದ್ರ ಸಮಿತಿಗೆ ಹೋಯಿತು, ಕೊನೆಯ ಮೂರರಲ್ಲಿ ನಿಂತಿತು, ಬೇರೊಂದು ಗೆದ್ದಿತು. ಇವತ್ತಿನ ಪದ್ಧತಿಯಲ್ಲಿ ಅವನ ಕೈಗೆ ಏನೂ ಬರುವುದಿಲ್ಲ. ಕೊನೆಯ ಸುತ್ತಿಗೆ ಬಂದಿತ್ತು ಎಂಬುದು ಅವನಿಗೇ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದರೆ ಪೋಸ್ಟರಿನ ಮೇಲೆ ಹಾಕಿಕೊಳ್ಳಬಹುದು, ಮುಂದಿನ ಚಿತ್ರದ ನಿರ್ಮಾಪಕರಿಗೆ ತೋರಿಸಬಹುದು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದೀತು. ನಾಲ್ಕು ಜನ ಹುಡುಕಿ ನೋಡಿಯಾರು.

ಪಟ್ಟಿ ಕೊಟ್ಟರೆ ಲಾಬಿ ಶುರುವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆ ಭಯದಲ್ಲಿ ಅರ್ಥವಿದೆ. ಅದಕ್ಕೊಂದು ಸುಲಭದ ದಾರಿ ಇದೆ: ಪಟ್ಟಿಯನ್ನು ಮೊದಲು ಕೊಡುವುದು ಬೇಡ. ಗೆದ್ದವರ ಹೆಸರು ಓದುವ ದಿನವೇ, ಪ್ರತಿ ವಿಭಾಗದ ಕೊನೆಯ ಸುತ್ತಿನಲ್ಲಿದ್ದ ಹೆಸರುಗಳನ್ನೂ ಓದಲಿ. ಆಗ ಲಾಬಿಗೆ ಸಮಯವೇ ಇರುವುದಿಲ್ಲ. ಸ್ಪರ್ಧೆಗೆ ಬಂದ ಎಲ್ಲ ಚಿತ್ರಗಳ ಹೆಸರನ್ನೂ ಭಾಷಾವಾರು ಹಾಕಿಬಿಟ್ಟರೆ ಅರ್ಧ ಗಾಳಿಸುದ್ದಿ ಅಲ್ಲೇ ನಿಲ್ಲುತ್ತದೆ.

ಗೆದ್ದ ಕನ್ನಡ ಚಿತ್ರಗಳನ್ನು ನೋಡಬೇಕು. ಎಲ್ಲಿಂದ ಶುರು ಮಾಡಲಿ?

'ತಬರನ ಕಥೆ'ಯಿಂದ. ಕಥೆ ನೇರವಾಗಿದೆ, ಆಫೀಸು ಅಲೆದವರಿಗೆಲ್ಲ ತಬರ ಗೊತ್ತು. ಆಮೇಲೆ 'ಘಟಶ್ರಾದ್ಧ'. ಅದರ ಹಳೆಯ ಪ್ರತಿಯನ್ನು ಸರಿಪಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಹೊಸ ಪ್ರತಿ ಎಲ್ಲಾದರೂ ಪರದೆಯ ಮೇಲೆ ಬಂದರೆ ಬಿಡಬೇಡಿ. ಮೂರನೆಯದು 'ನಾನು ಅವನಲ್ಲ ಅವಳು'.

ಓಟಿಟಿಯಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಆದ್ದರಿಂದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಪಟ್ಟಿ ಬಂದಾಗ ಕನ್ನಡ ವಿಭಾಗವನ್ನು ಮೊದಲು ನೋಡಿ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಹಳೆಯ ಚಿತ್ರಗಳ ಪ್ರದರ್ಶನ ನಡೆಯುತ್ತಿರುತ್ತದೆ. ನಿಮ್ಮ ಊರಲ್ಲಿ ಸಿನಿಮಾ ಕೂಟ ಇದ್ದರೆ 'ದ್ವೀಪ' ಹಾಕಿ ಎಂದು ಕೇಳಿ. ಮಳೆಗಾಲದಲ್ಲೇ ಹಾಕಿಸಿ.